ಕರ್ತನ ಮೇಜಿಗೆ ಯಾವ ಸೆಟ್? ಸ್ಟೀಲ್ ತಟ್ಟೆ, ಸೀಲ್ ಕಪ್ಪು, ರೊಟ್ಟಿ, ದ್ರಾಕ್ಷಿರಸ: ಕೊಳ್ಳುವ ಮುನ್ನ ಓದಿ

ಸಭೆಗೆ, ಅಂದರೆ ಚರ್ಚಿಗೆ, ಕರ್ತನ ಭೋಜನದ (ಯೇಸುವಿನ ಮರಣದ ನೆನಪಿಗೆ ರೊಟ್ಟಿ, ದ್ರಾಕ್ಷಿರಸ ತೆಗೆದುಕೊಳ್ಳುವ ಸಂಸ್ಕಾರದ) ಹೊಸ ಸಾಮಾನು ತರಬೇಕೆಂದು ಕಮಿಟಿಯಲ್ಲಿ ಮಾತು ಬಂದರೆ ಈಗ ಎರಡು ಸಲಹೆ ಬರುತ್ತವೆ. ಒಂದು, ನಲವತ್ತು ಕುಳಿಯ ಸ್ಟೀಲ್ ತಟ್ಟೆಗಳು, ಅವಕ್ಕೆ ಗಾಜಿನ ಸಣ್ಣ ಕಪ್ಪುಗಳು, ಮೇಲೊಂದು ಶಿಲುಬೆಯ ಮುಚ್ಚಳ. ಇನ್ನೊಂದು, ತಳದಲ್ಲಿ ದ್ರಾಕ್ಷಿರಸ, ಮೇಲೆ ವೇಫರ್ ಎಂಬ ತೆಳು ರೊಟ್ಟಿಬಿಲ್ಲೆ, ಎರಡಕ್ಕೂ ಬೇರೆ ಬೇರೆ ಸೀಲ್ ಇರುವ ಪ್ಲಾಸ್ಟಿಕ್ ಕಪ್ಪು. ಬಾಕ್ಸ್ ಒಡೆದು ಹಂಚಿದರೆ ಮುಗಿಯಿತು. 2020ರ ಕೋವಿಡ್ ಕಾಲದಲ್ಲಿ ಅನೇಕ ಸಭೆಗಳಿಗೆ ಈ ಎರಡನೆಯದು ಅನಿವಾರ್ಯವಾಯಿತು, ಆಮೇಲೆ ಕೆಲವು ಕಡೆ ಅದೇ ರೂಢಿಯಾಗಿ ಉಳಿಯಿತು.

ತೀರ್ಪನ್ನು ಮೊದಲೇ ಹೇಳಿಬಿಡುತ್ತೇವೆ. ಭಾನುವಾರದ ಆರಾಧನೆಗೆ ಸ್ಟೀಲ್ ತಟ್ಟೆ, ಗಾಜಿನ ಕಪ್ಪು, ಸಭೆಯವರೇ ಮಾಡಿದ ಹುಳಿಯಿಲ್ಲದ (ಹುದುಗು ಬರಿಸದ) ರೊಟ್ಟಿ, ಮೇಜಿನ ಮೇಲೆ ಒಂದು ದೊಡ್ಡ ಪಾತ್ರೆ. ಸೀಲ್ ಕಪ್ಪು ಆಸ್ಪತ್ರೆಗೆ, ಹಾಸಿಗೆ ಹಿಡಿದವರ ಮನೆಗೆ, ಸ್ಮಶಾನದಲ್ಲಿ ನಡೆಯುವ ಈಸ್ಟರ್ ಮುಂಜಾನೆಯ ಆರಾಧನೆಗೆ. ಹೀಗೆ ಹೇಳಲು ಖರ್ಚು, ತೊಳೆಯುವ ಕಷ್ಟ ಇವೆಲ್ಲಕ್ಕಿಂತ ಮುಂಚಿನ ಕಾರಣ ಒಂದಿದೆ.

ಅಳೆಯುವುದು ಯಾವುದರಿಂದ

ಕರ್ತನ ಭೋಜನದ ಬಗ್ಗೆ ನಮಗೆ ಸಿಕ್ಕಿರುವ ಅತಿ ಹಳೆಯ ಬರಹ ಪೌಲನು ಸುಮಾರು ಕ್ರಿ.ಶ. 55ರ ಹೊತ್ತಿಗೆ ಕೊರಿಂಥದ ಸಭೆಗೆ ಬರೆದ ಮೊದಲ ಪತ್ರ. ಅದರ 11ನೇ ಅಧ್ಯಾಯದಲ್ಲಿ ಈ ಭೋಜನದ ಮಾತು ಶುರುವಾಗುವುದು ವೇದಾಂತದಿಂದಲ್ಲ, ಬಡಿಸುವ ರೀತಿಯ ಮೇಲಿನ ದೂರಿನಿಂದ. ಅನುಕೂಲಸ್ಥರು ಮೊದಲೇ ಬಂದು ಊಟ ಮಾಡಿ ಮುಗಿಸುತ್ತಿದ್ದರು, ದುಡಿದು ತಡವಾಗಿ ಬಂದವರು ಹಸಿದಿರುತ್ತಿದ್ದರು, ಕೆಲವರಿಗೆ ಅಷ್ಟರಲ್ಲೇ ಅಮಲೇರಿರುತ್ತಿತ್ತು. ಇದು ಕರ್ತನ ಭೋಜನವೇ ಅಲ್ಲ ಎಂದು ಪೌಲನು ನೇರವಾಗಿ ಹೇಳುತ್ತಾನೆ. ಯೇಸು ಹಿಡಿದುಕೊಡಲ್ಪಟ್ಟ ರಾತ್ರಿಯಲ್ಲಿ ಏನು ಮಾಡಿದನು, ಏನು ಹೇಳಿದನು ಎಂಬುದನ್ನು ಅವನು ನೆನಪಿಸುವುದು ಅದಾದ ಮೇಲೆಯೇ. ಕೊನೆಗೆ ಕೊಡುವ ಆಜ್ಞೆಯೂ ತೀರ ಸರಳ: ಊಟಕ್ಕೆ ಕೂಡಿಬಂದಾಗ ಒಬ್ಬರಿಗೊಬ್ಬರು ಕಾದುಕೊಳ್ಳಿರಿ.

ಬಡಿಸುವ ರೀತಿ ಕೆಟ್ಟರೆ ಜ್ಞಾಪಕವೂ ಕೆಡುತ್ತದೆ ಎಂಬುದು ಇಲ್ಲಿ ಸ್ಪಷ್ಟ. ಪಸ್ಕ ಹಬ್ಬದಲ್ಲೂ ಇಸ್ರಾಯೇಲ್ಯರು ಐಗುಪ್ತದಿಂದ ಬಿಡುಗಡೆಯಾದದ್ದನ್ನು ಬಾಯಿಮಾತಿನಿಂದ ಮಾತ್ರ ನೆನೆಯಲಿಲ್ಲ. ಹುಳಿಯಿಲ್ಲದ ರೊಟ್ಟಿಯನ್ನು ಅಗಿದು, ಕಹಿ ಸೊಪ್ಪನ್ನು ನುಂಗಿ ನೆನೆದರು. ಇದೇನೆಂದು ಮಕ್ಕಳು ಕೇಳಿದಾಗ ಹೇಳಬೇಕಾದ ಉತ್ತರವೂ ಬೈಬಲಿನ ವಿಮೋಚನಕಾಂಡದ 12ನೇ ಅಧ್ಯಾಯದಲ್ಲೇ ಇದೆ. ಕಣ್ಣು ಕಂಡದ್ದು, ಕೈ ಮುಟ್ಟಿದ್ದು, ನಾಲಿಗೆ ಸವಿದದ್ದು ಎಲ್ಲ ಸೇರಿಯೇ ಆ ನೆನಪು. ದಕ್ಷಿಣ ಭಾರತ ಸಭೆಯ (ಸಿ.ಎಸ್.ಐ.) 1950ರ ಆರಾಧನಾಕ್ರಮದಲ್ಲಿ ಜನರು ಒಟ್ಟಾಗಿ ಕರ್ತನ ಮರಣವನ್ನು ಸ್ಮರಿಸುತ್ತೇವೆ, ಪುನರುತ್ಥಾನವನ್ನು ಅರಿಕೆಮಾಡುತ್ತೇವೆ, ಎರಡನೇ ಬರೋಣವನ್ನು ಎದುರುನೋಡುತ್ತೇವೆ ಎನ್ನುತ್ತಾರೆ. ಇಲ್ಲಿ ನೆನಪೆಂದರೆ ಹಿಂದಕ್ಕೆ ನೋಡುವುದಷ್ಟೇ ಅಲ್ಲ, ಆತನು ಬರುವ ತನಕ ಆತನ ಮರಣವನ್ನು ಸಾರುವುದು.

ಆದ್ದರಿಂದ ಯಾವ ಸಾಮಾನಿಗೂ ನಾವು ಕೇಳಬೇಕಾದ ಪ್ರಶ್ನೆ ಮೂರು. ರೊಟ್ಟಿ ಮುರಿಯುವುದು ಕೊನೆಯ ಬೆಂಚಿನವರಿಗೂ ಕಾಣುತ್ತದೆಯೇ? ಒಬ್ಬರಿಗೊಬ್ಬರು ಕಾದು ಒಟ್ಟಿಗೆ ತೆಗೆದುಕೊಳ್ಳಲು ಆಗುತ್ತದೆಯೇ? ಕೈಯಲ್ಲಿರುವ ವಸ್ತು ತನ್ನ ಕಡೆಗೇ ಗಮನ ಎಳೆಯದೆ ಕರ್ತನ ಕಡೆಗೆ ಬಿಡುತ್ತದೆಯೇ?

ಸೀಲ್ ಕಪ್ಪು

ಮೊದಲು ಅದರ ಒಳ್ಳೆಯ ಗುಣ ಹೇಳೋಣ. ಬೇರೆಯವರ ಕೈ ತಾಕುವುದಿಲ್ಲ. ಶನಿವಾರ ಸಂಜೆ ತಯಾರಿ ಇಲ್ಲ, ಭಾನುವಾರ ತೊಳೆಯುವುದಿಲ್ಲ. ಡಯಾಲಿಸಿಸ್‌ನಲ್ಲಿರುವವರ ಬಳಿಗೋ ಐಸಿಯುವಿನಿಂದ ಆಗಷ್ಟೇ ಹೊರಬಂದವರ ಬಳಿಗೋ ಸಭಾಪಾಲಕರು ಹೋಗುವಾಗ ಜೇಬಿನಲ್ಲಿ ಎರಡು ಕಪ್ಪು ಇಟ್ಟುಕೊಂಡರೆ ಸಾಕು. ಗೋಧಿ ಒಗ್ಗದವರಿಗಾಗಿ ಗ್ಲುಟೆನ್ ಇಲ್ಲದ ವೇಫರಿನ ಕಪ್ಪೂ ಸಿಗುತ್ತದೆ. ಸೀಲ್ ಇರುವುದರಿಂದ ಬೇರೆ ರೊಟ್ಟಿಯ ಪುಡಿ ಅದಕ್ಕೆ ಸೇರುವುದಿಲ್ಲ. ಕಥೋಲಿಕರಿಗೆ ಮಾತ್ರ ಇದು ನಡೆಯದು. ಪರಮಪ್ರಸಾದದ ರೊಟ್ಟಿಯಲ್ಲಿ ಗ್ಲುಟೆನ್ ತೀರ ಕಡಿಮೆ ಇರಬಹುದು, ಪೂರ್ತಿ ಇಲ್ಲದಿದ್ದರೆ ಆ ರೊಟ್ಟಿ ಸಲ್ಲದು ಎಂದು ವ್ಯಾಟಿಕನ್ 2017ರ ಸುತ್ತೋಲೆಯಲ್ಲಿ ಮತ್ತೊಮ್ಮೆ ಹೇಳಿದೆ.

ಈಗ ತೊಂದರೆಗಳು. ಮೇಲಿನ ಸೀಲ್ ತೆಳುವಾದ ಪಾರದರ್ಶಕ ಹಾಳೆ, ಅದರಡಿ ವೇಫರ್. ಎರಡನೆಯದು ದಪ್ಪ ಫಾಯಿಲ್, ಅದರಡಿ ರಸ. ಎರಡರ ಎಳೆಯುವ ಕಿವಿಯೂ ಒಂದೇ ಕಡೆ ಅಂಟಿಕೊಂಡಿರುವ ಕಪ್ಪುಗಳಲ್ಲಿ ಬೆರಳಿಗೆ ಎರಡೂ ಒಟ್ಟಿಗೆ ಸಿಗುತ್ತವೆ. ಎಳೆದ ಕೂಡಲೇ ವೇಫರ್ ನೆಲಕ್ಕೆ, ರಸ ಸೀರೆಗೆ. ವಯಸ್ಸಾದವರ ಬೆರಳಿಗೆ ಮೇಲಿನ ಹಾಳೆಯ ಅಂಚು ಸಿಗುವುದೇ ಕಷ್ಟ. ಪಕ್ಕದವರು ಬಿಡಿಸಿಕೊಡಬೇಕು, ಅಷ್ಟರಲ್ಲಿ ಪ್ರಾರ್ಥನೆ ಮುಂದೆ ಹೋಗಿರುತ್ತದೆ. ಫಾಯಿಲನ್ನು ಜೋರಾಗಿ ಎಳೆದರೆ ಕಪ್ಪಿನ ಗೋಡೆ ಒತ್ತಿ ರಸ ಚಿಮ್ಮುತ್ತದೆ. ಬಳಸಲೇಬೇಕಾದರೆ ಸಭೆಗೆ ಹೀಗೆ ಹೇಳಿಕೊಡಿ: ಕಪ್ಪನ್ನು ಅಂಗೈಯಲ್ಲಿಟ್ಟು ಬುಡವನ್ನು ಹಿಡಿಯಿರಿ, ಗೋಡೆಯನ್ನು ಒತ್ತಬೇಡಿ, ಮೊದಲು ಪಾರದರ್ಶಕ ಹಾಳೆಯನ್ನು ಮಾತ್ರ ಪೂರ್ತಿ ತೆಗೆಯಿರಿ, ಫಾಯಿಲನ್ನು ನಿಮ್ಮಿಂದ ಆಚೆಗೆ, ಓರೆಯಾಗಿ, ನಿಧಾನವಾಗಿ ಎಳೆಯಿರಿ. ಕೊಳ್ಳುವಾಗ ಎರಡು ಕಿವಿಗಳೂ ಬೇರೆ ಬೇರೆ ದಿಕ್ಕಿಗಿರುವ ಕಪ್ಪನ್ನೇ ಆರಿಸಿ.

ಸದ್ದಿನ ಮಾತು ಸಣ್ಣದೆನಿಸಬಹುದು, ಸಣ್ಣದಲ್ಲ. ರೊಟ್ಟಿಯ ವಾಕ್ಯ ಓದಿ ಮೌನವಾದ ಗಳಿಗೆಯಲ್ಲಿ ನೂರೈವತ್ತು ಹಾಳೆಗಳು ಚರಚರ ಎನ್ನುತ್ತವೆ, ಪಾತ್ರೆಯ ವಾಕ್ಯವಾದ ಮೇಲೆ ಮತ್ತೆ ನೂರೈವತ್ತು. ಜ್ಞಾಪಕಕ್ಕೆಂದು ಇರುವ ಮೌನ ಪೊಟ್ಟಣ ಬಿಡಿಸುವ ಕೆಲಸಕ್ಕೆ ಹೋಗುತ್ತದೆ. ಇದಕ್ಕೆ ಅರ್ಧ ಪರಿಹಾರವಿದೆ: ಪಾಪದ ಅರಿಕೆ ಪ್ರಾರ್ಥನೆಗೂ ಮುಂಚೆಯೇ, ಹಾಡಿನ ಹೊತ್ತಿನಲ್ಲಿ, ಮೇಲಿನ ಹಾಳೆ ಬಿಡಿಸಿಡಲು ಹೇಳುವುದು. ಫಾಯಿಲನ್ನು ಹಾಗೆ ಮೊದಲೇ ತೆರೆಯಲಾಗದು, ಬೆಂಚಿನ ಮೇಲೆ ಚೆಲ್ಲುತ್ತದೆ.

ಬಿಸಿಲಿನ ಊರುಗಳಲ್ಲಿ ಇನ್ನೊಂದು ಸಮಸ್ಯೆ. ಏಪ್ರಿಲ್–ಮೇ ತಿಂಗಳಲ್ಲಿ ಕಲಬುರಗಿ, ರಾಯಚೂರಿನ ಕಡೆ ಪಾರ್ಸೆಲ್ ಲಾರಿಯಲ್ಲಿ, ಗೋಡೌನಿನಲ್ಲಿ ದಿನಗಟ್ಟಲೆ ಕಾದು ಬಂದ ಬಾಕ್ಸಿನಲ್ಲಿ ರಸ ಕಂದಾಗಿರುತ್ತದೆ, ಸೀಲ್ ಸಡಿಲವಾಗಿ ಕಪ್ಪುಗಳ ಹೊರಗೆ ಅಂಟು ಅಂಟಾಗಿರುತ್ತದೆ. ಫಾಯಿಲ್ ಮೇಲಕ್ಕೆ ಉಬ್ಬಿದ್ದರೆ ಒಳಗೆ ಹುದುಗು ಹಿಡಿದಿದೆ ಎಂದರ್ಥ; ಅಂಥದನ್ನು ಎಸೆಯಬೇಕು. ಬಾಕ್ಸ್ ಬಂದ ದಿನವೇ ಮೇಲಿನ, ನಡುವಿನ, ತಳದ ಪದರದಿಂದ ಒಂದೊಂದು ಕಪ್ಪು ತೆಗೆದು ತೆರೆದು ನೋಡಿ. ಎಕ್ಸ್‌ಪೈರಿ ತಾರೀಖಿಗೆ ಕನಿಷ್ಠ ಆರು ತಿಂಗಳು ಇರಲಿ. ವೇಫರ್ ಮುರಿದರೆ ಪಟ್ ಎನ್ನಬೇಕು. ಮೆತ್ತಗೆ ಬಾಗಿದರೆ ಮೇಲಿನ ಸೀಲ್ ಗಾಳಿ ಬಿಟ್ಟುಕೊಂಡಿದೆ.

ಲೆಕ್ಕವನ್ನೂ ನೋಡಿ. ತಿಂಗಳಿಗೊಂದು ಸಲ ಸಂಸ್ಕಾರ ಕೊಡುವ, 150 ಜನರ ಸಭೆಗೆ ವರ್ಷಕ್ಕೆ 1,800 ಕಪ್ಪು ಬೇಕು. ಪ್ರತಿ ವರ್ಷ ಮತ್ತೆ ಅಷ್ಟೇ ಖರ್ಚು, ಮತ್ತೆ ಅಷ್ಟೇ ಕಸ. ರಸ ಮೆತ್ತಿದ ಪ್ಲಾಸ್ಟಿಕ್ಕೂ ಫಾಯಿಲ್ಲೂ ಸೇರಿರುವುದರಿಂದ ಒಣಕಸಕ್ಕೆ ಹಾಗೇ ಹಾಕಿದರೆ ಇರುವೆ ಮುತ್ತುತ್ತದೆ, ತೊಳೆದೇ ಹಾಕಬೇಕು. ತೊಳೆಯುವ ಕೆಲಸ ತಪ್ಪಿಸಲೆಂದು ಕೊಂಡ ವಸ್ತುವಿಗೆ ಇದು ದೊಡ್ಡ ಕೊರತೆ.

ಇವೆಲ್ಲಕ್ಕೂ ಒಂದಲ್ಲ ಒಂದು ಉಪಾಯ ಹುಡುಕಬಹುದು. ಹುಡುಕಲಾಗದ್ದು ಒಂದಿದೆ: ಇಲ್ಲಿ ಯಾರೂ ರೊಟ್ಟಿ ಮುರಿಯುವುದಿಲ್ಲ. ರೊಟ್ಟಿ ಒಂದೇ ಆಗಿರುವುದರಿಂದ ಅನೇಕರಾದ ನಾವು ಒಂದೇ ದೇಹ ಎಂಬ ಪೌಲನ ಮಾತಿಗೆ ಕಾರ್ಖಾನೆಯಲ್ಲಿ ಅಚ್ಚು ಹಾಕಿ, ಒಬ್ಬೊಬ್ಬರಿಗೆ ಒಂದೊಂದರಂತೆ ಬೇರ್ಪಡಿಸಿ ಸೀಲ್ ಮಾಡಿದ ಬಿಲ್ಲೆ ಹೊಂದುವುದಿಲ್ಲ. ಆದ್ದರಿಂದ ಸೀಲ್ ಕಪ್ಪು ಹಂಚುವ ದಿನವೂ ಸಭಾಪಾಲಕರ ಮುಂದೆ ಮೇಜಿನ ಮೇಲೆ ಒಂದು ಇಡೀ ರೊಟ್ಟಿ, ಒಂದು ಪಾತ್ರೆ ಇರಲೇಬೇಕು, ಅದನ್ನು ಎಲ್ಲರಿಗೂ ಕಾಣುವಂತೆ ಎತ್ತಿ ಮುರಿಯಲೇಬೇಕು ಎಂಬುದು ನಮ್ಮ ದೃಢ ಅಭಿಪ್ರಾಯ.

ಸ್ಟೀಲ್ ತಟ್ಟೆ, ಗಾಜಿನ ಕಪ್ಪು

ಒಬ್ಬೊಬ್ಬರಿಗೆ ಒಂದೊಂದು ಕಪ್ಪು ಎಂಬ ಪದ್ಧತಿಯೂ ತೀರ ಹಳೆಯದಲ್ಲ. ಕ್ಷಯರೋಗಾಣುವನ್ನು ಜರ್ಮನಿಯ ವೈದ್ಯ ರಾಬರ್ಟ್ ಕಾಖ್ 1882ರಲ್ಲಿ ಪತ್ತೆಹಚ್ಚಿದ ಮೇಲೆ ಒಂದೇ ಪಾತ್ರೆಯಿಂದ ಎಲ್ಲರೂ ಕುಡಿಯುವ ಬಗ್ಗೆ ಅಮೆರಿಕದ ಸಭೆಗಳಲ್ಲಿ ಅಂಜಿಕೆ ಹುಟ್ಟಿತು. ಒಹಾಯೋದ ಜೆ.ಜಿ. ಥಾಮಸ್ ಎಂಬವರು, ವೈದ್ಯರೂ ಹೌದು ಬೋಧಕರೂ ಹೌದು, 1894ರಲ್ಲಿ ಸಣ್ಣ ಕಪ್ಪುಗಳ ಸೆಟ್ಟಿಗೆ ಪೇಟೆಂಟ್ ಪಡೆದರು. ಇವತ್ತು ಅಂಗಡಿಗಳಲ್ಲಿ ಸಿಗುವ ತಟ್ಟೆಗಳು ಅದೇ ಕುಟುಂಬದವು: ಸುಮಾರು 30 ಸೆಂ.ಮೀ. ಅಗಲ, ಅಂಚಿನಿಂದ ನಡುವಿನವರೆಗೆ ವೃತ್ತವೃತ್ತವಾಗಿ 40 ಕುಳಿ, ಒಂದರ ಮೇಲೊಂದು ಕೂರುವ ತಳ.

ಕೊಳ್ಳುವಾಗ ಎಲ್ಲಕ್ಕಿಂತ ಮೊದಲು ಕುಳಿಗೂ ಕಪ್ಪಿಗೂ ಹೊಂದಿಕೆ ನೋಡಿ. ಕಪ್ಪಿನ ಬಾಯಿ ಸುಮಾರು ಮೂರೂವರೆ ಸೆಂ.ಮೀ. ಇರುತ್ತದೆ, ಆದರೆ ಪ್ಲಾಸ್ಟಿಕ್ ಕಪ್ಪು ಓರೆಯಾಗಿರುವುದರಿಂದ ಕುಳಿಯ ಅಂಚಿನಲ್ಲಿ ತೂಗುತ್ತದೆ, ಗಾಜಿನದು ನೇರವಾಗಿರುವುದರಿಂದ ತಟ್ಟೆಯ ತಳದ ಮೇಲೆ ನಿಲ್ಲುತ್ತದೆ. ಪ್ಲಾಸ್ಟಿಕ್ ಕಪ್ಪಿಗೆಂದು ಮಾಡಿದ ಆಳದ ತಟ್ಟೆಗೆ ಗಾಜಿನ ಕಪ್ಪು ಹಾಕಿದರೆ ಒಳಗೆ ಇಳಿದುಹೋಗಿ, ಎರಡು ಬೆರಳಿನಿಂದ ಹಿಡಿದು ತೆಗೆಯಲು ಅಂಚೇ ಸಿಗುವುದಿಲ್ಲ. ಕಪ್ಪು ಕೂತ ಮೇಲೆ ಕುಳಿಯ ಮೇಲೆ ಒಂದು ಸೆಂ.ಮೀ. ಆದರೂ ಕಾಣಬೇಕು. ತಟ್ಟೆ, ಕಪ್ಪು ಬೇರೆ ಬೇರೆ ಕಡೆ ಕೊಳ್ಳುವುದಾದರೆ ಒಂದು ಕಪ್ಪನ್ನು ಜೊತೆಗೆ ಒಯ್ಯಿರಿ. ಎರಡು ತಟ್ಟೆಗಳನ್ನು ಒಂದರ ಮೇಲೊಂದು ಇಟ್ಟು, ಮೇಲಿನದರ ತಳ ಕೆಳಗಿನ ಕಪ್ಪುಗಳಿಗೆ ತಾಕುತ್ತದೆಯೋ ನೋಡುವುದನ್ನೂ ಮರೆಯಬೇಡಿ.

ಲೋಹದ ವಿಷಯದಲ್ಲಿ ಹೆಚ್ಚು ಚೌಕಾಸಿ ಬೇಡ. ದ್ರಾಕ್ಷಿರಸ ಹುಳಿ. ಅಲ್ಯೂಮಿನಿಯಂ ತಟ್ಟೆಯ ಬಣ್ಣದ ಲೇಪ ಗೀರಿದ ಕಡೆಯಲ್ಲೆಲ್ಲ ಅದು ತಿಂದು ಬಿಳಿ ಮಚ್ಚೆ ಏಳಿಸುತ್ತದೆ. ಹಿತ್ತಾಳೆಗೆ ಬಂಗಾರದ ಬಣ್ಣ ಕೊಟ್ಟ ಸೆಟ್ಟುಗಳು ಅಂಗಡಿಯಲ್ಲಿ ಕಣ್ಣು ಕುಕ್ಕುತ್ತವೆ, ಆದರೆ ಲೇಪ ಸವೆದ ಕಡೆ ಕಿಲುಬು ಬರುತ್ತದೆ; ಕುಡಿಯುವ ಪಾತ್ರೆಯ ಒಳಮೈ ಹಾಗಾದರೆ ಮತ್ತೆ ಲೇಪ ಕೊಡಿಸದೆ ಬಳಸಲೇಬಾರದು. ಕಥೋಲಿಕ ಸಭೆಯ ನಿಯಮದಲ್ಲಿ ಇಂಥ ಲೋಹದ ಪಾತ್ರೆಗೆ ಒಳಗಡೆ ಚಿನ್ನದ ಲೇಪ ಇರಬೇಕೆಂಬುದು ಸಾಮಾನ್ಯ ಸೂಚನೆ. ಗಾಜು, ಮಣ್ಣಿನಂಥ ಒಡೆಯುವ ಪಾತ್ರೆಗಳನ್ನು ಅಲ್ಲಿ 2004ರ ಆದೇಶದಲ್ಲಿ ನಿಷೇಧಿಸಿದ್ದಾರೆ. ಆದ್ದರಿಂದ ಗಾಜಿನ ಕಪ್ಪಿನ ಬಗ್ಗೆ ನಾವು ಬರೆಯುತ್ತಿರುವುದೆಲ್ಲ ಪ್ರೊಟೆಸ್ಟೆಂಟ್ ಸಭೆಗಳಿಗೆ ಮಾತ್ರ. ಸ್ಟೀಲಿನಲ್ಲಿ 304 ದರ್ಜೆ ಎಂದು ಬಿಲ್ಲಿನಲ್ಲಿ ಬರೆಸಿಕೊಳ್ಳಿ. ಆಯಸ್ಕಾಂತ ಗಟ್ಟಿಯಾಗಿ ಕಚ್ಚಿಕೊಂಡರೆ ಅದು 304 ಅಲ್ಲ. ಕಚ್ಚದಿದ್ದ ಮಾತ್ರಕ್ಕೆ 304 ಎಂದೂ ಅಲ್ಲ, ಅಗ್ಗದ 202 ಕೂಡ ಕಚ್ಚುವುದಿಲ್ಲ. ಕುಳಿಗಳ ಅಂಚಿಗೆ ಬೆರಳು ಸವರಿ ನೋಡಿ. ಉಜ್ಜಿ ನಯಮಾಡದ ಅಂಚು ತೊಳೆಯುವವರ ಕೈ ಕೊಯ್ಯುತ್ತದೆ.

ಬಿಸಾಡುವ ಪ್ಲಾಸ್ಟಿಕ್ ಕಪ್ಪನ್ನು ತಟ್ಟೆಗೆ ಹಾಕುವ ನಡುದಾರಿ ನಮಗೆ ಒಪ್ಪಿಗೆಯಿಲ್ಲ. ಹಿಂಡಿದರೆ ಸೀಳಿ ತುಟಿಗೆ ಚುಚ್ಚುತ್ತವೆ. 2022ರ ಜುಲೈ 1ರಿಂದ ದೇಶದಲ್ಲಿ ನಿಷೇಧಿಸಿರುವ ಒಂದೇ ಸಲ ಬಳಸುವ ಪ್ಲಾಸ್ಟಿಕ್‌ಗಳ ಪಟ್ಟಿಯಲ್ಲಿ ಕಪ್ಪು, ಲೋಟಗಳೂ ಇವೆ. ಅಕ್ರಿಲಿಕ್ ಕಪ್ಪು ಹಗುರ, ಒಡೆಯುವುದಿಲ್ಲ, ಆದರೆ ಕುದಿನೀರು ತಾಗಿದಂತೆಲ್ಲ ಕೂದಲೆಳೆಯ ಬಿರುಕು ಬಿಡುತ್ತದೆ, ಆ ಬಿರುಕಿನಲ್ಲಿ ದ್ರಾಕ್ಷಿಯ ಬಣ್ಣ ಕೂರುತ್ತದೆ. ಗಾಜೇ ವಾಸಿ. ಭಾರ ಮಾತ್ರ ಹೆಚ್ಚು: ತುಂಬಿದ ತಟ್ಟೆ, ಕಪ್ಪಿನ ದಪ್ಪದ ಮೇಲೆ, ಎರಡು ಕಿಲೋ ಹತ್ತಿರ ಬರಬಹುದು. ಬೆಂಚಿನಿಂದ ಬೆಂಚಿಗೆ ಕೈ ದಾಟಿಸುವ ಸಭೆಯಾದರೆ ಅಂಚಿನಲ್ಲಿ ಹಿಡಿ ಇರುವ ತಟ್ಟೆ ಕೊಳ್ಳಿ. ಪ್ರತಿ ಸಾಲಿನ ಎರಡೂ ತುದಿಗೆ ಒಬ್ಬೊಬ್ಬ ಹಿರಿಯರು ನಿಲ್ಲಲಿ.

ತುಂಬುವ ಕ್ರಮ: ಖಾಲಿ ಕಪ್ಪುಗಳನ್ನು ತಟ್ಟೆಯಲ್ಲಿ ಜೋಡಿಸಿದ ಮೇಲೆಯೇ ತುಂಬಬೇಕು, ತುಂಬಿದ ಕಪ್ಪನ್ನು ಕುಳಿಗೆ ಇಳಿಸಬಾರದು. ಮೂತಿ ಸಣ್ಣದಿರುವ, ಒತ್ತಿದರೆ ಸುರಿಯುವ ಬಾಟಲಿ ಬಳಸಿ. ನಿಮ್ಮಿಂದ ದೂರದ ಅಂಚಿನಿಂದ ಶುರುಮಾಡಿ ಹತ್ತಿರಕ್ಕೆ ಬನ್ನಿ, ಇಲ್ಲದಿದ್ದರೆ ತೋಳು ತುಂಬಿದ ಕಪ್ಪುಗಳ ಮೇಲೆ ಹಾಯುತ್ತದೆ. ಮುಕ್ಕಾಲಿಗಿಂತ ಕೆಳಗೇ ನಿಲ್ಲಿಸಿ. ಕಪ್ಪಿಗೆ 7 ಮಿ.ಲೀ. ಸಾಕು. 150 ಕಪ್ಪಿಗೆ 1,050 ಮಿ.ಲೀ., ಚೆಲ್ಲಿದ್ದು, ಬಾಟಲಿಯ ತಳದಲ್ಲಿ ಉಳಿದದ್ದು ಸೇರಿ ಒಂದೂಕಾಲು ಲೀಟರ್ ಇಟ್ಟುಕೊಳ್ಳಿ. ತುಂಬಿದ ಕೂಡಲೇ ಮುಚ್ಚಳ. ಸೀಲಿಂಗ್ ಫ್ಯಾನಿನ ಕೆಳಗೆ ತೆರೆದಿಟ್ಟ ರಸಕ್ಕೆ ಧೂಳೂ ನೊಣವೂ ತಪ್ಪದು.

ಈ ಸೆಟ್ಟಿನ ದೊಡ್ಡ ಗುಣವೆಂದರೆ ಕಾಯುವುದು ಸಾಧ್ಯ. ಎಲ್ಲರ ಕೈಗೂ ಕಪ್ಪು ಬರುವವರೆಗೆ ಹಿಡಿದು ಕೂತು, ಸಭಾಪಾಲಕರು ವಾಕ್ಯ ಹೇಳಿದ ಮೇಲೆ ಸಭೆಯೆಲ್ಲ ಒಟ್ಟಿಗೆ ಕುಡಿಯಬಹುದು. ಮೇಜಿನ ಮುಂದೆ ಮೊಣಕಾಲೂರಿ ತೆಗೆದುಕೊಳ್ಳುವ ಸಭೆಗಳಲ್ಲಿ ಲೆಕ್ಕ ಬೇರೆ. ಒಂದು ಸಾಲಿಗೆ ಹನ್ನೆರಡು ಜನ, ಸಾಲಿಗೆ ಎರಡು ನಿಮಿಷ ಎಂದರೆ 150 ಜನಕ್ಕೆ ಹದಿಮೂರು ಸಾಲು, ಇಪ್ಪತ್ತಾರು ನಿಮಿಷ. ಅದು ಹೆಚ್ಚೆಂದು ಓಡಿಸಬೇಡಿ. ಬೋಧನೆ ಹತ್ತು ನಿಮಿಷ ಕಡಿಮೆಯಾದರೂ ಪರವಾಗಿಲ್ಲ. ಖಾಲಿ ಕಪ್ಪಿಗೆ ಸಾಲಿನ ಕೊನೆಯಲ್ಲಿ ಬಟ್ಟೆ ಹಾಸಿದ ಬುಟ್ಟಿ ಇರಲಿ, ಗಾಜಿನ ಕಣಕಣ ಕೇಳುವುದಿಲ್ಲ.

ಮುಚ್ಚಳದ ಮೇಲೆ ವಾಕ್ಯ ಕೆತ್ತಿಸುವುದಾದರೆ ಒಂದು ಎಚ್ಚರಿಕೆ. ನನ್ನನ್ನು ನೆನಸಿಕೊಳ್ಳುವದಕ್ಕೋಸ್ಕರ ಹೀಗೆ ಮಾಡಿರಿ ಎಂಬ ಸಾಲನ್ನು ಎಷ್ಟೋ ಮೇಜುಗಳ ಮೇಲೆ, ತಟ್ಟೆಗಳ ಮೇಲೆ ನೋಡುತ್ತೇವೆ. ಲೇಸರ್ ಯಂತ್ರದ ಸಾಫ್ಟ್‌ವೇರಿಗೆ ಕನ್ನಡ ಗೊತ್ತಿಲ್ಲದಿದ್ದರೆ ಒತ್ತಕ್ಷರಗಳೆಲ್ಲ ಪಕ್ಕಕ್ಕೆ ಸರಿದು ಅರ್ಧಾಕ್ಷರವಾಗಿ ಕೂರುತ್ತವೆ. ನೆನಸಿಕೊಳ್ಳುವದಕ್ಕೋಸ್ಕರ ಎಂಬ ಒಂದು ಪದದಲ್ಲೇ ಮೂರು ಒತ್ತುಗಳಿವೆ. ವಾಟ್ಸಾಪಿನಲ್ಲಿ ಟೈಪ್ ಮಾಡಿ ಕಳಿಸಬೇಡಿ. ಅಕ್ಷರಗಳನ್ನು ರೇಖೆಗಳಾಗಿ ಪರಿವರ್ತಿಸಿದ ಪಿಡಿಎಫ್ ಕೊಡಿ, ಕಾಗದದ ಮೇಲೆ ಮಾದರಿ ತೆಗೆಸಿ, ಸತ್ಯವೇದ ಎದುರಿಗಿಟ್ಟು ಓದಿ, ಸಹಿ ಹಾಕಿದ ಮೇಲೆ ಕೆತ್ತಲು ಹೇಳಿ. ಲೋಹದ ಮೇಲೆ ತಪ್ಪಿದರೆ ತಿದ್ದಲಾಗುವುದಿಲ್ಲ. ಸ್ಟಿಕ್ಕರ್ ಬೇಡವೇ ಬೇಡ, ಕೆಲವೇ ತೊಳೆತಕ್ಕೆ ಅಂಚು ಏಳುತ್ತದೆ.

ಒಂದೇ ಪಾತ್ರೆಯನ್ನು ಬಿಡಬೇಡಿ

ಸಣ್ಣ ಕಪ್ಪು ಬಂದ ಮೇಲೆ ದೊಡ್ಡ ಪಾತ್ರೆ ಕಪಾಟು ಸೇರಿದ ಸಭೆಗಳಿವೆ. ಅದು ಸರಿಯಲ್ಲ. ನಮ್ಮ ದಕ್ಷಿಣದಲ್ಲಿ ಆ ಪಾತ್ರೆಗೆ ಬೇರೆಯೇ ಒಂದು ಚರಿತ್ರೆ ಇದೆ. ತಂಜಾವೂರು, ಮದ್ರಾಸಿನ ವೇಪೇರಿ ಮುಂತಾದ ಕಡೆ ಜಾತಿಗೊಂದು ಕಡೆ ಕೂತು, ಮೇಲಿನವರೆನಿಸಿಕೊಂಡವರು ಮೊದಲು, ಉಳಿದವರು ಆಮೇಲೆ ಎಂಬಂತೆ ಸಂಸ್ಕಾರ ತೆಗೆದುಕೊಳ್ಳುತ್ತಿದ್ದ ಕಾಲವಿತ್ತು. ಕಲ್ಕತ್ತೆಯ ಬಿಷಪ್ ಡೇನಿಯಲ್ ವಿಲ್ಸನ್ 1833ರಲ್ಲಿ ಸುತ್ತೋಲೆ ಹೊರಡಿಸಿ, ಸಭೆಯೊಳಗೆ ಜಾತಿಭೇದ ಕೂಡದು, ಕರ್ತನ ಮೇಜಿನಲ್ಲಂತೂ ಕೂಡದೇ ಕೂಡದು ಎಂದರು. ಅನೇಕರು ಸಭೆ ಬಿಟ್ಟು ಹೋದರು, ಆದರೂ ಅವರು ಮಾತು ಹಿಂತೆಗೆದುಕೊಳ್ಳಲಿಲ್ಲ. ಮುಂದಿನ ವರ್ಷ, 1834ರಲ್ಲಿ, ಮಂಗಳೂರಿಗೆ ಬಂದ ಬಾಸೆಲ್ ಮಿಶನ್ನಿನವರೂ ಸಭೆಯಲ್ಲಿ ಜಾತಿಯನ್ನು ಒಪ್ಪಲಿಲ್ಲ. ಮತ್ತೊಬ್ಬರ ಎಂಜಲೆಂದು ಹಿಂದೆಗೆಯುವ ಸಮಾಜದಲ್ಲಿ ಒಂದೇ ಪಾತ್ರೆಗೆ ತುಟಿಯಿಡುವುದು ಎಷ್ಟು ದೊಡ್ಡ ಅರಿಕೆ! ಕಪ್ಪುಗಳು ಬೇರೆ ಬೇರೆಯಾದಾಗ ಆ ಅರಿಕೆ ಕಣ್ಣಿಗೆ ಕಾಣದಾಗಬಾರದು. ತಟ್ಟೆಗಳ ನಡುವೆ ಒಂದು ಪಾತ್ರೆ ಇರಲಿ, ಪಾತ್ರೆಯ ವಾಕ್ಯ ಹೇಳುವಾಗ ಸಭಾಪಾಲಕರು ಅದನ್ನೇ ಎತ್ತಿ ತೋರಿಸಲಿ. ಅನುಕೂಲವಿದ್ದರೆ ಸಣ್ಣ ಕಪ್ಪುಗಳಿಗೆ ಅದರಿಂದಲೇ ಸುರಿಯಬಹುದು. ಇದಕ್ಕೆ ಮೂತಿಯಿರುವ ಪಾತ್ರೆಗಳೂ ದೊರೆಯುತ್ತವೆ.

ಈಗಲೂ ಒಂದೇ ಪಾತ್ರೆಯಿಂದ ಕೊಡುವ ಸಭೆಗಳು ಒಬ್ಬರು ಕುಡಿದ ಮೇಲೆ ಒಳಗೂ ಹೊರಗೂ ಅಂಚನ್ನು ಹತ್ತಿಬಟ್ಟೆಯಿಂದ ಒತ್ತಿ ಒರೆಸಿ, ಪಾತ್ರೆಯನ್ನು ಕಾಲುಸುತ್ತು ತಿರುಗಿಸಿ ಮುಂದಿನವರಿಗೆ ಕೊಡಬೇಕು. ಬಟ್ಟೆಯ ಒಂದೇ ಜಾಗದಿಂದ ಒರೆಸುತ್ತಾ ಹೋದರೆ ಪ್ರಯೋಜನವಿಲ್ಲ. ಒರೆಸುವುದರಿಂದ ಸೋಂಕಿನ ಸಾಧ್ಯತೆ ತಗ್ಗುತ್ತದೆ, ಪೂರ್ತಿ ಹೋಗುವುದಿಲ್ಲ. ಕೆಮ್ಮು, ಜ್ವರ ಇದ್ದವರು ಆ ದಿನ ರೊಟ್ಟಿಯನ್ನಷ್ಟೇ ತೆಗೆದುಕೊಳ್ಳಲಿ. ವೇಫರನ್ನು ಅದ್ದಿ ಕೊಡುವುದು ಇದಕ್ಕಿಂತ ಶುಚಿ ಎಂದು ಹಲವರು ನಂಬಿದ್ದಾರೆ. ಎಲ್ಲರೂ ತಾವೇ ಅದ್ದಿದರೆ ಬೆರಳೂ ಅದ್ದುತ್ತದೆ; ಸಭಾಪಾಲಕರೊಬ್ಬರೇ ಅದ್ದಿ ಕೊಡಬೇಕು.

ರಸ

ಅಂಗಡಿಯ ಡಬ್ಬಿಯ ಮುಂಭಾಗದ ಚಿತ್ರ ನಂಬಬೇಡಿ, ಹಿಂಭಾಗದ ಪದಾರ್ಥಗಳ ಪಟ್ಟಿ ಓದಿ. ನೀರು, ಸಕ್ಕರೆ ಮೊದಲಿದ್ದು ದ್ರಾಕ್ಷಿ ಆಮೇಲೆ ಬಂದರೆ ಅದು ದ್ರಾಕ್ಷಿ ಹೆಸರಿನ ಶರಬತ್ತು.

ದ್ರಾಕ್ಷಿರಸ ಹುಳಿಯದಂತೆ ಕಾಯಿಸಿ ಬಾಟಲಿಗೆ ತುಂಬಿಡುವ ಕ್ರಮ ಹುಟ್ಟಿದ್ದೇ ಕರ್ತನ ಮೇಜಿಗಾಗಿ. ನ್ಯೂಜೆರ್ಸಿಯ ವೈನ್‌ಲ್ಯಾಂಡಿನಲ್ಲಿ ಮೆಥೋಡಿಸ್ಟ್ ಸಭೆಯ ದಂತವೈದ್ಯ ಥಾಮಸ್ ವೆಲ್ಚ್ 1869ರಲ್ಲಿ ಕಾಂಕರ್ಡ್ ದ್ರಾಕ್ಷಿಯ ರಸವನ್ನು ಹೀಗೆ ಕಾಯಿಸಿಟ್ಟರು. ನಮ್ಮ ಚಿಕ್ಕಬಳ್ಳಾಪುರ, ಬೆಂಗಳೂರು ಗ್ರಾಮಾಂತರ, ಕೋಲಾರದ ಕಡೆ ಬೆಳೆಯುವ ಬೆಂಗಳೂರು ಬ್ಲೂ, ಅಂದರೆ ಬೀಜವಿರುವ ಕಪ್ಪು ದ್ರಾಕ್ಷಿ, ಕಾಂಕರ್ಡಿನಂತೆಯೇ ಲಾಬ್ರುಸ್ಕಾ ಎಂಬ ದ್ರಾಕ್ಷಿ ಬಳಗದ್ದು. ಬಣ್ಣ ಗಾಢ, ಘಮ ಜೋರು, ಸಕ್ಕರೆ ಬೇಕಿಲ್ಲ. ಈ ಕೆಲಸಕ್ಕೆ ಇದಕ್ಕಿಂತ ಒಳ್ಳೆಯ ಹಣ್ಣು ಹುಡುಕಬೇಕಿಲ್ಲ.

ಒಂದೂಕಾಲು ಲೀಟರ್ ರಸಕ್ಕೆ ಎರಡು ಕಿಲೋ ಹಣ್ಣು. ತೊಟ್ಟು ಬಿಡಿಸಿ, ಮೂರು ನೀರಿನಲ್ಲಿ ತೊಳೆದು, ಸ್ಟೀಲ್ ಪಾತ್ರೆಯಲ್ಲಿ ಕೈಯಿಂದ ಹಿಸುಕಿ. ಮಿಕ್ಸಿಗೆ ಹಾಕಿದರೆ ಬೀಜ ಒಡೆದು ಒಗರು, ಕಹಿ ಬಿಡುತ್ತದೆ. ಸಣ್ಣ ಉರಿಯಲ್ಲಿ 70–75 ಡಿಗ್ರಿಯವರೆಗೆ ಕಾಯಿಸಿ, ಹತ್ತು ನಿಮಿಷ ಹಾಗೇ ಇಡಿ. ಬಣ್ಣವೆಲ್ಲ ಸಿಪ್ಪೆಯಿಂದ ಇಳಿಯುವುದು ಆಗಲೇ. ಥರ್ಮಾಮೀಟರ್ ಇಲ್ಲದಿದ್ದರೆ ಅಂಚಿನಲ್ಲಿ ಹಬೆಯಾಡಬೇಕು, ಕುದಿಯಬಾರದು. ಕುದಿದ ರಸಕ್ಕೆ ಜಾಮಿನ ವಾಸನೆ ಬರುತ್ತದೆ. ತೆಳು ಬಟ್ಟೆಯಲ್ಲಿ ಸೋಸಿ, ಗಂಟನ್ನು ಹಿಂಡದೆ ತೂಗುಬಿಡಿ, ಹಿಂಡಿದರೆ ಕದಡುತ್ತದೆ. ರಾತ್ರಿ ಫ್ರಿಜ್ಜಿನಲ್ಲಿಟ್ಟರೆ ಬೆಳಿಗ್ಗೆ ತಳದಲ್ಲಿ ಮರಳಿನಂತೆ ಹರಳು ಕೂತಿರುತ್ತದೆ. ಗಾಜಿನ ಚೂರೆಂದು ಹೆದರಬೇಡಿ, ದ್ರಾಕ್ಷಿಯ ಹುಳಿಯೇ ಹರಳಾದದ್ದು. ಮೇಲಿನ ತಿಳಿಯನ್ನು ಮೆಲ್ಲಗೆ ಬಗ್ಗಿಸಿಕೊಳ್ಳಿ. ಇನ್ನೊಮ್ಮೆ 80–85 ಡಿಗ್ರಿಗೆ ಕಾಯಿಸಿ, ಕುದಿನೀರಲ್ಲಿ ತೊಳೆದು ಇನ್ನೂ ಬಿಸಿಯಾಗಿರುವ ಗಾಜಿನ ಬಾಟಲಿಗೆ ಬಿಸಿಯಾಗಿಯೇ ತುಂಬಿ ಮುಚ್ಚಿ. ಆರಿದ ಮೇಲೆ ಫ್ರಿಜ್ಜಿನಲ್ಲಿಟ್ಟು ಒಂದು ವಾರದೊಳಗೆ ಬಳಸಿ. ಗುರುವಾರ ಮಾಡುವುದು ಅನುಕೂಲ. ಶನಿವಾರ ಸಂಜೆಯೇ ತೆಗೆದು ಹೊರಗಿಟ್ಟರೆ ಬೇಸಿಗೆಯಲ್ಲಿ ಭಾನುವಾರ ಮಧ್ಯಾಹ್ನದ ಆರಾಧನೆಯ ಹೊತ್ತಿಗೆ ಗುಳ್ಳೆ ಏಳಲು ಶುರುವಾಗಿರುತ್ತದೆ. ಮದ್ಯ ಬಿಟ್ಟು ಗುಣವಾಗುತ್ತಿರುವವರು ಸಭೆಯಲ್ಲಿದ್ದಾರೆ ಎಂಬುದು ನೆನಪಿರಲಿ.

ರೊಟ್ಟಿ

ಬೇಕರಿ ಬ್ರೆಡ್ ಚೌಕಗಳ ತೊಂದರೆ ಪುಡಿ ಉದುರುವುದು. ಹಿಂದಿನ ದಿನ ಕತ್ತರಿಸಿಟ್ಟರೆ ಅಂಚು ಗಟ್ಟಿ, ಕರಾವಳಿಯ ಮಳೆಗಾಲದಲ್ಲಿ ಬೂಷ್ಟು. ವೇಫರ್ ಶುಚಿ, ತಿಂಗಳುಗಟ್ಟಲೆ ಇರುತ್ತದೆ, ಆದರೆ ಫ್ಯಾನ್ ಗಾಳಿಗೆ ಹಾರುತ್ತದೆ, ತೇವಕ್ಕೆ ಮೆತ್ತಗಾಗುತ್ತದೆ. ಬಿಗಿಮುಚ್ಚಳದ ಡಬ್ಬಿ ಬೇಕು. ಎಲ್ಲರಿಗೂ ವೇಫರ್ ಕೊಡುವ ಸಭೆಗಳು ಮುರಿಯಲು ಕನಿಷ್ಠ 12–15 ಸೆಂ.ಮೀ. ಅಗಲದ ದೊಡ್ಡ ವೇಫರನ್ನಾದರೂ ತರಿಸಿ, ಅದನ್ನು ಮುರಿದು ಹಂಚಿ.

ಮನೆಯಲ್ಲಿ ಮಾಡುವುದು ಸುಲಭ. 150 ಜನಕ್ಕೆ 100 ಗ್ರಾಂ ಗೋಧಿಹಿಟ್ಟು, ಒಂದು ದೊಡ್ಡ ಚಮಚ ಎಣ್ಣೆ, ಚಿಟಿಕೆ ಉಪ್ಪು, ಸುಮಾರು 50 ಮಿ.ಲೀ. ಬೆಚ್ಚಗಿನ ನೀರು. ಚಪಾತಿ ಹಿಟ್ಟಿಗಿಂತ ಗಟ್ಟಿಯಾಗಿ ಕಲಸಿ ಅರ್ಧ ಗಂಟೆ ಮುಚ್ಚಿಡಿ. 3 ಮಿ.ಮೀ. ದಪ್ಪಕ್ಕೆ ಲಟ್ಟಿಸಿ, ಫೋರ್ಕಿನಿಂದ ಚುಚ್ಚಿ, ಒಂದೂವರೆ ಸೆಂ.ಮೀ. ಚೌಕಗಳಾಗುವಂತೆ ಚಾಕುವಿನಿಂದ ಗೆರೆ ಎಳೆಯಿರಿ. ಗೆರೆ ಅರ್ಧ ಆಳಕ್ಕೆ ಇಳಿಯಬೇಕು. ಬೆಂದ ಮೇಲೆ ಗೆರೆ ಎಳೆದರೆ ಚೂರಾಗುತ್ತದೆ. 200 ಡಿಗ್ರಿಯಲ್ಲಿ 10–12 ನಿಮಿಷ, ಅಥವಾ ದಪ್ಪ ತವದ ಮೇಲೆ ಸಣ್ಣ ಉರಿಯಲ್ಲಿ ಎರಡೂ ಬದಿ. ಚುಚ್ಚದಿದ್ದರೆ ಪೂರಿಯಂತೆ ಉಬ್ಬಿ ಗೆರೆ ಮಾಯ. ಇದರ ಜೊತೆಗೆ ಇನ್ನೊಂದು 50 ಗ್ರಾಂ ಹಿಟ್ಟಿನಲ್ಲಿ ಗೆರೆಯಿಲ್ಲದ ಒಂದು ದುಂಡು ರೊಟ್ಟಿ ಮಾಡಿ. ಮೇಜಿನ ಮೇಲೆ ಮುರಿಯುವುದು ಅದನ್ನೇ. ಇದನ್ನು ತುಸು ಗರಿಯಾಗಿ ಬೇಯಿಸಿದರೆ ಮುರಿಯುವ ಸದ್ದು ಮೈಕಿಲ್ಲದೆಯೂ ಸಭೆಗೆ ಕೇಳುತ್ತದೆ. ಮಕ್ಕಳು ತಲೆ ಎತ್ತಿ ನೋಡುವುದು ಆ ಸದ್ದಿಗೇ.

ಉಳಿದದ್ದು, ತೊಳೆಯುವುದು

ಉಳಿದ ರೊಟ್ಟಿ, ರಸವನ್ನು ಏನು ಮಾಡಬೇಕೆಂಬುದು ಸಭೆಯ ನಂಬಿಕೆಗೆ ಬಿಟ್ಟದ್ದು. ರೊಟ್ಟಿ–ರಸದಲ್ಲಿ ಕ್ರಿಸ್ತನ ಸಾನ್ನಿಧ್ಯ ಹೇಗೆ ಎಂಬುದರ ಮೇಲೆ ಪ್ರೊಟೆಸ್ಟೆಂಟ್ ಸುಧಾರಕರಾದ ಲೂಥರನೂ ಜ್ವಿಂಗ್ಲಿಯೂ 1529ರಲ್ಲಿ ಮಾರ್‌ಬುರ್ಗಿನಲ್ಲಿ ಒಮ್ಮತಕ್ಕೆ ಬರಲಿಲ್ಲ, ಆ ಭೇದ ಇಂದಿಗೂ ಇದೆ. ಕಥೋಲಿಕರು ಉಳಿದ ಪರಮಪ್ರಸಾದವನ್ನು ಪೆಟ್ಟಿಗೆಯಲ್ಲಿ ಭಕ್ತಿಯಿಂದ ಕಾದಿರಿಸುತ್ತಾರೆ. ಆಂಗ್ಲಿಕನ್ ರೂಢಿ ಬಂದ ಸಭೆಗಳಲ್ಲಿ ಪ್ರತಿಷ್ಠೆಯಾದದ್ದನ್ನು ಸಭಾಪಾಲಕರೂ ಹಿರಿಯರೂ ಅಲ್ಲೇ ತೆಗೆದುಕೊಂಡು ಮುಗಿಸುತ್ತಾರೆ. ಜ್ಞಾಪಕಾರ್ಥ ಮಾತ್ರ ಎನ್ನುವ ಸಭೆಗಳಲ್ಲೂ ಸಿಂಕಿಗೆ ಸುರಿಯುವುದು ಚೆಂದವಲ್ಲ. ಶುದ್ಧವಾದ ನೆಲಕ್ಕೆ, ಗಿಡದ ಬುಡಕ್ಕೆ ಹಾಕಿ.

ಕಪ್ಪುಗಳನ್ನು ಒಣಗಲು ಬಿಡದೆ ಬೆಚ್ಚಗಿನ ನೀರಿಗೆ ಹಾಕಿ. ಒಣಗಿದ ನೇರಳೆ ಕಲೆ ತಳದ ಮೂಲೆಯಲ್ಲಿ ಕೂತರೆ ಬ್ರಷ್ ಹೋಗದು. ವಾಸನೆಯಿಲ್ಲದ ಸೋಪು ಸ್ವಲ್ಪವೇ, ಆಮೇಲೆ ಎರಡು ಸಲ ಬಿಸಿನೀರು. ನಿಂಬೆ ಪರಿಮಳದ ಸೋಪು ಮುಂದಿನ ತಿಂಗಳ ರಸದಲ್ಲಿ ನಾಲಿಗೆಗೆ ಸಿಗುತ್ತದೆ. ಬಿಳಿ ಬಟ್ಟೆಯ ಮೇಲೆ ಬೋರಲಾಗಿ ಪೂರ್ತಿ ಒಣಗಿಸಿ, ಒಂದೊಂದನ್ನೂ ಬೆಳಕಿಗೆ ಹಿಡಿದು ಅಂಚು ನೋಡಿ. ಚಕ್ಕೆ ಎದ್ದದ್ದು ಎಷ್ಟೇ ಸಣ್ಣದಾದರೂ ತೆಗೆದಿಡಿ. ಇದಕ್ಕಾಗಿಯೇ ಕೊಳ್ಳುವಾಗ ನೂರಕ್ಕೆ ಹತ್ತರಂತೆ ಹೆಚ್ಚು ಕಪ್ಪು ತರಬೇಕು: 150 ಜನರ ಸಭೆಗೆ ನಾಲ್ಕು ತಟ್ಟೆ, ಎರಡು ಮುಚ್ಚಳ, ಅವುಗಳ ಅಡಿಗೆ ಒಂದು ಬುಡತಟ್ಟೆ, 165 ಕಪ್ಪು, ರೊಟ್ಟಿಗೆ ಎರಡು ತಟ್ಟೆ, ಒಂದು ಪಾತ್ರೆ, ಮೇಜಿಗೆ ಎರಡು ಜೊತೆ ಬಿಳಿ ಬಟ್ಟೆ. ಜೊತೆಗೆ ಹಾಸಿಗೆ ಹಿಡಿದವರಿಗಾಗಿ ಸೀಲ್ ಕಪ್ಪಿನ ಒಂದೇ ಒಂದು ಸಣ್ಣ ಬಾಕ್ಸ್, ತಾರೀಖನ್ನು ದೊಡ್ಡದಾಗಿ ಹೊರಗೆ ಬರೆದು.